ಹನ್ನೊಂದನೇ ಅಡಿಟಿಪ್ಪಣಿ

“ಪುಸ್ತಕ ಬರದವ್ರಿಗೆಲ್ಲಾ ಹೆಸರೈತಿ, ಈಕಿಗ್ಯಾಕಿಲ್ಲ?” ಧಾರವಾಡ ಕಡೆಯ ನಮ್ಮ ಪ್ರಾಧ್ಯಾಪಕರು ನನ್ನ ಪ್ರಬಂಧದ ಹನ್ನೊಂದನೇ ಅಡಿಟಿಪ್ಪಣಿಗೆ ಕೆಂಪು ಸುತ್ತು ಹಾಕಿದರು. ಐವತ್ತರ ದಶಕ, ನಾಗಪುರದ ಕಾಲೇಜು. ಅಡ್ಡಹೆಸರು ಮೊದಲು, ಆಮೇಲೆ ಇಸವಿ, ಪುಟ ಎಂಬ ನಿಯಮಗಳನ್ನು ಹಟ ಹಿಡಿದು ಕಲಿತಿದ್ದ ನಾನು, ಅಲ್ಲಿ ಮಾತ್ರ, ನನಗೆ ಮಾಹಿತಿ ಕೊಟ್ಟವಳನ್ನು ‘ಕಾಮಠಿಯ ನೇಕಾರ ಹೆಂಗಸು’ ಎಂದಷ್ಟೇ ಬರೆದಿದ್ದೆ.

ಮರುದಿನವೇ ನಾಗಪುರದ ಪಕ್ಕದ ಕಾಮಠಿಯ ಬಸ್ಸು ಹತ್ತಿದೆ. ಹೆಸರು ಕೇಳಿದಾಗ ಆ ನೇಕಾರ ಅಜ್ಜಿ ಮಗ್ಗ ನಿಲ್ಲಿಸಿದಳು. “ಯಾವುದು ಬೇಕು? ಮದುವೆಯಲ್ಲಿ ಗಂಡ ಇಟ್ಟಿದ್ದೋ, ನಮ್ಮಪ್ಪ ಇಟ್ಟಿದ್ದೋ?” ಎಂದು ಮರಾಠಿಯಲ್ಲಿ ಕೇಳಿ, ತಾನೇ ಹೇಳಿದಳು: “ಅಪ್ಪ ಇಟ್ಟಿದ್ದೇ ಬರಿ, ಚಂದ್ರಭಾಗಾ. ಹಾಗೆ ಕರೆಯೋರು ಈಗ ಯಾರೂ ಉಳಿದಿಲ್ಲ.”

ಹಾಗೇ ಬರೆದೆ, ಅಡ್ಡಹೆಸರಿಲ್ಲದೆ. ಪ್ರಾಧ್ಯಾಪಕರು ಮತ್ತೆ ಕೆಂಪು ಸುತ್ತು ಹಾಕಿದರು. ಈ ಸಲ ನಾನು ತಿದ್ದಲಿಲ್ಲ.