ಯಾರದೆಂದು ಹೇಳಿ ಕೊಟ್ಟ ಕನ್ನಡಕ

ಮೊನ್ನೆ ಸೊಸೆ ಅಂಟುವಾಳ ನೆನೆಹಾಕಿದ್ದಳು. ಆ ನೊರೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಶಿರಸಿ ಪೇಟೆಯ ಕನ್ನಡಕದ ಸಾಹೇಬರು ಕಣ್ಣೆದುರು ಬಂದು ನಿಂತರು...

ಮೂವತ್ತೊಂಬತ್ತರಲ್ಲಿ ಯುರೋಪಿನ ಯುದ್ಧ ಶುರುವಾಗಿತ್ತು. ಕನ್ನಡಕದ ಗಾಜು ಬರುತ್ತಿದ್ದದ್ದೆಲ್ಲ ಹೊರದೇಶದಿಂದ. ಅಲ್ಲಿಯವರಿಗೆ ಅವರ ನಾಣ್ಯದಲ್ಲೇ ಹಣ ಕೊಡಬೇಕು, ಸರ್ಕಾರ ಅದನ್ನು ಬಿಗಿಹಿಡಿದಿದೆ, ಗಾಜಿನ ಆಸೆ ಬಿಡಿ ಎಂದು ಮುಂಬಯಿಯ ವ್ಯಾಪಾರಿ ಕೈಚೆಲ್ಲಿದ. ಸಾಹೇಬರು ಅಂಗಡಿ ಮುಚ್ಚಲಿಲ್ಲ. ಸಾವಾದ ಮನೆಗಳಿಗೆ ಹೋಗಿ, ತೀರಿಕೊಂಡವರ ಕನ್ನಡಕ ಕೊಂಡು ತಂದು, ಅಂಟುವಾಳದ ನೀರಿನಲ್ಲಿ ತೊಳೆದು ಮಾರತೊಡಗಿದರು. ಯಮನ ಬೆನ್ನಿಗೇ ಬರುವವರು ಎಂದು ಪೇಟೆಯವರು ಆಡಿಕೊಂಡರು. ಹೊಸದೆಂದು ಸುಳ್ಳು ಹೇಳಿದ್ದರೆ ಜನ ಕಣ್ಣುಮುಚ್ಚಿ ಕೊಂಡೊಯ್ಯುತ್ತಿದ್ದರು. ಸಾಹೇಬರು ಮಾತ್ರ ಯಾರದೆಂದು ಹೇಳಿಯೇ ಕೊಡುತ್ತಿದ್ದರು.

ಅದೇ ಹೊತ್ತಿಗೆ ಶಾಲೆಯ ಮಾಸ್ತರರಾಗಿದ್ದ ನನ್ನ ಅಪ್ಪನ ಕನ್ನಡಕ ಒಡೆಯಿತು. ಕೆಲವು ವಾರ ಬಾಯಿಪಾಠದ ಮೇಲೆಯೇ ತರಗತಿ ನಡೆಯಿತು. ಆದರೆ ಇನ್‌ಸ್ಪೆಕ್ಟರು ಶಾಲೆಯ ತಪಾಸಣೆಗೆ ಬರುವವರಿದ್ದರು. ಓದಲಾರದ ಮಾಸ್ತರರನ್ನು ಅವರು ಮನೆಗೆ ಕಳಿಸುವುದು ಖಂಡಿತ. ನಮಗೋ ಆ ಸಂಬಳವೇ ಅನ್ನ.

ಸಾಹೇಬರ ಅಂಗಡಿಯಲ್ಲಿ ಅಪ್ಪನ ಕಣ್ಣಿಗೆ ಹೊಂದುವುದು ಒಂದೇ ಒಂದು ಸಿಕ್ಕಿತು.

"ಎಕ್ಕಂಬಿ ಜೋಯಿಸರದು, ಮಾಸ್ತರ್ ಸಾಬ್. ಮಳೆಗಾಲದಲ್ಲಿ ತೀರಿಕೊಂಡ್ರು. ಇನ್ನು ನಿಮ್ಮ ಮರ್ಜಿ," ಎಂದರು ಸಾಹೇಬರು.

ದೆವ್ವಭೂತ ಎಲ್ಲ ಸುಳ್ಳೆಂದು ತರಗತಿಯಲ್ಲಿ ಗಂಟಲು ಹರಿದುಕೊಳ್ಳುತ್ತಿದ್ದ ನಮ್ಮಪ್ಪ ಕೈ ಹಿಂದಕ್ಕೆಳೆದುಕೊಂಡರು. ಅಮ್ಮನಂತೂ ಅದನ್ನು ಹೊಸಿಲು ದಾಟಿಸಲು ಬಿಡುವುದಿಲ್ಲವೆಂದಳು. ಸಾಹೇಬರು ವಾದಕ್ಕಿಳಿಯಲಿಲ್ಲ. ಕೊಟ್ಟವರ ಬಾಯಿಂದಲೇ ಕೇಳಿ ಎಂದು ಮರುದಿನ ಅಂಗಡಿಗೆ ಬೀಗ ಹಾಕಿ, ಅಪ್ಪನನ್ನೂ ನನ್ನನ್ನೂ ಗಾಡಿಯಲ್ಲಿ ಎಕ್ಕಂಬಿಗೆ ಕರೆದೊಯ್ದರು.

ಜೋಯಿಸರ ಹೆಂಡತಿ ಬಾಗಿಲ ಮರೆಯಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಗಂಡನನ್ನು ನೆನೆದು ಅಲ್ಲಿಂದಲೇ ಹೇಳಿದರು:

"ಇದ್ರಲ್ಲಿ ಅವು ಓದಿದ್ದು ಪಂಚಾಂಗ ಒಂದೇಯ. ಆನು ಇಟ್ಕಂಡು ಎಂತ ಮಾಡ್ಲಿ? ನಿಂಗ ಹಾಕ್ಕಳಿ, ಮಾಸ್ತರೆ."

ಅಪ್ಪ ಅಲ್ಲೇ ಹಾಕಿಕೊಂಡರು. ಬರುವ ದಾರಿಯಲ್ಲಿ ಒಂದು ಮೈಲಿಗಲ್ಲನ್ನೂ ಬಿಡದೆ ಗಟ್ಟಿಯಾಗಿ ಓದಿದರು. ಸಾಹೇಬರು ಗಾಡಿಯಲ್ಲಿ ಕೂತು ನಗುತ್ತಿದ್ದರು. ಮನೆಯಲ್ಲಿ ಅಮ್ಮ ಮುಖ ಗಂಟಿಕ್ಕಿದಳಾದರೂ ಹೊಸಿಲಿಗೆ ಅಡ್ಡ ನಿಲ್ಲಲಿಲ್ಲ. ಇನ್‌ಸ್ಪೆಕ್ಟರು ಬಂದುಹೋದರು, ನೌಕರಿ ಉಳಿಯಿತು. ಆ ರಾತ್ರಿ ನಾವು ಉಂಡ ಅನ್ನದಷ್ಟು ರುಚಿಯಾದದ್ದನ್ನು ನಾನು ಮತ್ತೆ ಉಂಡಿಲ್ಲ.

ಸಾಹೇಬರು ಹೋಗಿ ಎಷ್ಟೋ ಕಾಲವಾಯಿತು... ಈಗ ಪೇಟೆಯಲ್ಲಿ ಬೇಕಾದಷ್ಟು ಕನ್ನಡಕ ಸಿಗುತ್ತವೆ. ಅವರನ್ನು ನೆನೆದರೆ ಎದೆ ಹಗುರಾಗುತ್ತದೆ, ಬೆನ್ನಿಗೇ ದುಃಖವೂ ಬರುತ್ತದೆ. ಅಂಗಡಿಯಿದ್ದ ಜಾಗಕ್ಕೆ ಬಂದಾಗ ಈಗಲೂ ಒಂದು ಗಳಿಗೆ ನಿಲ್ಲುತ್ತೇನೆ. ನಮ್ಮ ಅನ್ನ ಉಳಿಸಿದವರು ಇಲ್ಲಿ ಕೂರುತ್ತಿದ್ದರು.