ಸಿಲ್ವರ್ ಪೇಂಟ್ ಬಳಿದ ಬೇರಿಂಗು

ಇದನ್ನು ಬರೆಯಬೇಕೆಂದು ಎಷ್ಟು ಸಲ ಕೂತು ಎದ್ದಿದ್ದೇನೋ. ಭಾವ ಬದುಕಿದ್ದಾಗ ಅವರ ಕಣ್ಣಿಗೆ ಬಿದ್ದೀತೆಂಬ ಅಳುಕಿತ್ತು. ಈಗ ಆ ನೆಪವೂ ಉಳಿದಿಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ಹೊಳೆನರಸೀಪುರದ ರಸ್ತೆಯಲ್ಲಿ ಒಂದು ಎಣ್ಣೆ ಕಾರ್ಖಾನೆಯಿತ್ತು, ಮುಚ್ಚಿ ವರ್ಷಗಳಾದವು. ಅಲ್ಲಿ ಅವರು ಯಂತ್ರಗಳಿಗೆ ಗ್ರೀಸು ಹಾಕುತ್ತಿದ್ದರು. ಎಸ್ಸೆಸ್ಸೆಲ್ಸಿ ಮಾಡಿ ದಂಡಿಗನಹಳ್ಳಿಯಲ್ಲಿ ಅಲೆದುಕೊಂಡಿದ್ದ ನನ್ನನ್ನು ಕೆಲಸಕ್ಕೆ ಸೇರಿಸಿದ್ದೂ ಅವರೇ. ದಿನಕ್ಕೆರಡು ಸಲ ಒಂದೊಂದು ಬೇರಿಂಗಿನ ಮೇಲೂ ಅಂಗೈಯಿಟ್ಟು, ಕಣ್ಣು ಮುಚ್ಚಿ, ಬಿಸಿ ಏರಿದೆಯೇ ಎಂದು ನೋಡುವರು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಮ್ಯಾನೇಜರು ಶಾಖವನ್ನು ಬಣ್ಣದಲ್ಲಿ ತೋರಿಸುವ ಕ್ಯಾಮೆರಾ ತರಿಸಿದರು. ಬಿಸಿಯಿದ್ದರೆ ಕೆಂಪು, ತಣ್ಣಗಿದ್ದರೆ ನೀಲಿ. ಇಂಗ್ಲಿಷ್ ಓದುತ್ತೇನೆಂದು ಅದನ್ನು ನನಗೆ ಕೊಟ್ಟರು. ಕುತ್ತಿಗೆಗೆ ಅದು ಬಿದ್ದ ದಿನದಿಂದ ನನ್ನ ನಡಿಗೆಯೇ ಬೇರೆಯಾಯಿತೆಂದು ಅಕ್ಕ ನಗುತ್ತಿದ್ದಳು.

ಆ ವರ್ಷವೂ ಆಯುಧಪೂಜೆಗೆ ಯಂತ್ರಗಳನ್ನು ತೊಳೆದು ಬಣ್ಣ ಬಳಿದೆವು. ಎಣ್ಣೆ ಹಿಂಡುವ ದೊಡ್ಡ ಮಿಷಿನ್ನಿನ ಬೇರಿಂಗುಗಳಿಗೆ ಹಳೇ ಹಸಿರು ಬೇಡ, ಸಿಲ್ವರ್ ಪೇಂಟ್ ಮಿಂಚಲಿ ಎಂದವನು ನಾನು.

ವಾರ ಕಳೆದಿರಲಿಲ್ಲ. ಭಾವ ಆ ಮಿಷಿನ್ನಿನ ಮುಂದೆ ಕೈ ಒದರಿಕೊಳ್ಳುತ್ತ ನಿಂತಿದ್ದರು.

"ಬಾರ್ಲಾ ಇಲ್ಲಿ. ಸುಡ್ತಾ ಐತೆ ಇದು. ನಿಲ್ಸಕ್ಕೆ ಯೇಳು."

ಕ್ಯಾಮೆರಾ ಹಿಡಿದೆ. ನೀಲಿ.

"ತಣ್ಣಗೈತೆ ಬಾವ."

"ನಿನ್ ಟೀವೀಲಿ ತಣ್ಣಗಿರ್ಬೌದು. ಒಂದ್ಸಲ ಮುಟ್ ನೋಡು, ಕೈಯೇನ್ ಸವೆದೋಗಲ್ಲ."

ಅಷ್ಟರಲ್ಲಿ ಮ್ಯಾನೇಜರು ಬಂದು ಏನೆಂದು ಕೇಳಿದರು.

"ಏನಿಲ್ಲ ಸಾ. ನಮ್ ಬಾವನ ಅಂಗೈಗೆ ಜ್ವರ ಬಂದೈತೆ" ಎಂದೆ.

ಎಲ್ಲರೂ ನಕ್ಕರು. ಭಾವ ಕೂಡ ನಕ್ಕರು. ನಾನು ಮುಟ್ಟಿ ನೋಡಲಿಲ್ಲ.

ಮಾರನೇ ದಿನ ಮಧ್ಯಾಹ್ನ ಬೇರಿಂಗು ಬಿಗಿದುಕೊಂಡು ಶಾಫ್ಟು ಮುರಿಯಿತು. ಹಿಂದಿನ ದಿನ ತಣ್ಣಗಿದ್ದದ್ದು ಒಂದೇ ದಿನದಲ್ಲಿ ಹೀಗಾಗಬೇಕಾದರೆ ಗ್ರೀಸು ಹಾಕಿಲ್ಲ ಎಂದೇ ಅರ್ಥ ಎಂದು ಮ್ಯಾನೇಜರು ಭಾವನನ್ನು ಕೆಲಸದಿಂದ ತೆಗೆದರು. ಸಾಕ್ಷಿಗೆ ನಾನು ತೆಗೆದ ನೀಲಿ ಚಿತ್ರವಿತ್ತು.

ಕೆಲವು ದಿನಕ್ಕೆ ಕ್ಯಾಮೆರಾ ಕಂಪನಿಯವನು ಬಂದ. ಸಿಲ್ವರ್ ಪೇಂಟ್ ನೋಡಿ, "ಹೊಳೆಯೋ ಬಣ್ಣದ ಮೇಲೆ ಇದು ಸರಿಯಾಗಿ ತೋರಿಸಲ್ಲ ಸಾರ್" ಎಂದು ಪಕ್ಕದ ಬೇರಿಂಗಿಗೆ ಕಪ್ಪು ಟೇಪಿನ ಚೂರೊಂದನ್ನು ಅಂಟಿಸಿದ. ನೀಲಿಯ ನಡುವೆ ಆ ಚೂರಷ್ಟೇ ಕೆಂಪಗೆ ಕಂಡಿತು. ಅಲ್ಲಿ ನಾವಿಬ್ಬರೇ ಇದ್ದೆವು.

ಮಾರನೇ ದಿನವೇ ಸಿಲ್ವರ್ ಮೇಲೆಲ್ಲ ಕಪ್ಪು ಬಣ್ಣ ಬಳಿದೆ. ಯಾಕೆಂದು ಮ್ಯಾನೇಜರು ಕೇಳಿದರು. "ಕೊಳೆ ಕಾಣಲ್ಲ ಸಾ" ಎಂದೆ. ನಿಜ ಹೇಳಿದ್ದರೆ ಭಾವನ ಕೆಲಸ ಮರಳುತ್ತಿತ್ತು, ನನ್ನದು ಹೋಗುತ್ತಿತ್ತು.

ಭಾವ ಹಾಸನದ ಆಲೂಗೆಡ್ಡೆ ಮಂಡಿಯಲ್ಲಿ ಮೂಟೆ ಕಾಯುವ ಕೆಲಸಕ್ಕೆ ಸೇರಿದರು. ಒಮ್ಮೆ ನಾನು ಜ್ವರದಲ್ಲಿ ಮಲಗಿದ್ದಾಗ ಬ್ರೆಡ್ಡು ಹಿಡಿದು ನೋಡಲು ಬಂದರು. ಹಣೆಯ ಮೇಲೆ ಅಂಗೈಯಿಟ್ಟು ಕಣ್ಣು ಮುಚ್ಚಿದರು.

"ನೂರಾ ಎರಡೈತೆ ಕಣ್ಲಾ. ನಿನ್ ಕ್ಯಾಮೆರಾ ತರ್ಸನಾ?"

ಡಾಕ್ಟರ ಥರ್ಮಾಮೀಟರೂ ಅಷ್ಟೇ ತೋರಿಸಿತು. ನಾನು ಗೋಡೆಯ ಕಡೆ ಹೊರಳಿಕೊಂಡೆ. ಆಗ ಆ ಕೈ ಹಿಡಿದು ಹೇಳಿಬಿಡಬಹುದಿತ್ತು. ಅವರು ಹಣೆ ಒರೆಸಿ, ಹೊದಿಕೆ ಸರಿಮಾಡಿ, ಬಸ್ಸಿಗೆ ಹೊತ್ತಾಯಿತೆಂದು ಹೊರಟರು. ನಾನು ತಪ್ಪಾಯಿತೆಂದು ಹೇಳದೆ ಕಳಿಸಿದ್ದು ಅವರನ್ನು, ನನ್ನ ಭಾವನನ್ನು.