ಬೈಗುಳವನ್ನೂ ಟೈಪ್ ಮಾಡಿದ ಅಕ್ಕ

ಶಿವಾಜಿನಗರ ಬಸ್ ಸ್ಟ್ಯಾಂಡಿನ ಹಿಂದೆ ಅರ್ಜಿ ಟೈಪ್ ಮಾಡಿಕೊಡುವ ಅಕ್ಕ ಒಬ್ಬರಿದ್ದರು. ಕೆಲಸ ಶುರುಮಾಡುವ ಮುಂಚೆ ಬಳೆಗಳನ್ನು ಮೊಣಕೈವರೆಗೆ ಸರಿಸಿಕೊಳ್ಳುತ್ತಿದ್ದರು. ಯಾರೇ ಅಳುತ್ತ ಬರಲಿ, ಅವರದು ಒಂದೇ ಮಾತು: "ನಿಧಾನವಾಗಿ ಹೇಳಿ, ಒಂದಕ್ಷರವೂ ತಪ್ಪಬಾರದು."

ಅಮ್ಮನ ಸ್ಕ್ಯಾನಿಂಗಿಗೆಂದು ನಾನು ಮೊಬೈಲ್ ಆ್ಯಪ್ ಒಂದರಲ್ಲಿ ಒಂದು ವಾರದ ಸಾಲ ತಗೊಂಡಿದ್ದೆ. ಬಡ್ಡಿ ಸಮೇತ ತೀರಿಸಿದ ಮೇಲೂ ಆ್ಯಪ್‌ನವರು ಬಿಡಲಿಲ್ಲ. ಇನ್ನಷ್ಟು ಕೊಡದಿದ್ದರೆ ಅತ್ತೆಯೂ ಸೇರಿ ನನ್ನ ಫೋನಿನಲ್ಲಿರುವ ಎಲ್ಲರಿಗೂ 'ಇವಳು ಕಳ್ಳಿ' ಎಂದು ಮೆಸೇಜ್ ಕಳಿಸುತ್ತೇವೆ ಎಂದು ಹೆದರಿಸಿದರು. ದೂರು ಬರೆಸಲು ಅಕ್ಕನ ಹತ್ತಿರ ಹೋದರೆ, ಅಲ್ಲೇ ಮತ್ತೆ ಅವರ ಫೋನ್ ಬಂತು. ಅಕ್ಕ ನನ್ನ ಮೊಬೈಲ್ ಕಸಿದುಕೊಂಡು ಸ್ಪೀಕರ್ ಹಾಕಿದರು.

"ನಿಮ್ಮ ಹೆಸರು, ಸಾಲ ಕೊಡೋ ಲೈಸೆನ್ಸ್ ನಂಬರ್ ಹೇಳಿ."

ಆ ಕಡೆಯವನು ಕೆಟ್ಟದಾಗಿ ಬೈದ.

"ನಿಧಾನವಾಗಿ ಹೇಳಪ್ಪಾ, ಟೈಪ್ ಮಾಡ್ತಿದೀನಿ. ಎರಡನೇ ಪದ ಏನಂದೆ?"

ಅವನು ತಡವರಿಸಿದ. ಟೀ ಕುಡಿಯುತ್ತಿದ್ದವರು, ಬಸ್ಸಿಗೆ ಕಾಯುತ್ತಿದ್ದವರು ಎಲ್ಲ ಸುತ್ತ ಮುತ್ತಿಕೊಂಡರು. "ಜೋರ್ ಸೆ ಬೋಲೋ ಭಾಯ್, ಜೋರಾಗಿ ಹೇಳು!" ಎಂದು ಯಾರೋ ಕೂಗಿದರು. ಫೋನ್ ಕಟ್ಟಾಯಿತು. ಜನ ಹೋ ಎಂದರು. ನನಗೆ ನಗು, ಅಳು ಎರಡೂ ಒಟ್ಟಿಗೇ ಬಂದವು.

ಬೈಗುಳ ಸಮೇತ ದೂರು ಠಾಣೆಗೆ ಹೋಯಿತು, ಅಕ್ಕನೂ ನನ್ನ ಜೊತೆ ಬಂದರು. ಇನ್‌ಸ್ಪೆಕ್ಟರ್ ಓದುತ್ತ ಒಂದು ಸಾಲಿನಲ್ಲಿ ತಡೆದು ನಿಂತರು, ಅಕ್ಕನ ಮುಖ ನೋಡಿದರು, ಸೀಲು ಒತ್ತಿದರು.

ಹೊರಗೆ ಬಂದವಳೇ, ಅವರ ಮೆಸೇಜ್ ತಲುಪುವ ಮುಂಚೆ ನಾನೇ ಅತ್ತೆಗೆ ಫೋನ್ ಮಾಡಿದೆ.

"ಅತ್ತೆ, ನಾನು ಸಾಲ ತಗೊಂಡಿದ್ದೆ, ತೀರಿಸಿದೀನಿ. ನನ್ನ ಬಗ್ಗೆ ಏನಾದ್ರೂ ಮೆಸೇಜ್ ಬಂದ್ರೆ ಅಳಿಸ್ಬೇಡಿ. ದೂರಿಗೆ ಸೇರಿಸ್ಬೇಕು."